ಮೂಲೆಗೊಂದು ಸಮಿತಿ, ವರ್ಷಕ್ಕೊಂದು ಬೆಂಕಿ: ವಲೆನ್ಸಿಯಾದ ಫಾಯಾಸ್ ಹಬ್ಬ ನಡೆಯುವ ಬಗೆ

ಸ್ಪೇನ್‌ನ ವಲೆನ್ಸಿಯಾ ನಗರದ ನಕ್ಷೆಯಲ್ಲಿ ಎರಡು ಬೀದಿ ಕೂಡುವ ಯಾವ ಮೂಲೆಗೆ ಬೆರಳಿಟ್ಟರೂ ಅದರ ಆಸುಪಾಸಿನಲ್ಲಿ ಒಂದು ಫಾಯಾ ಸಮಿತಿ ಸಿಗುತ್ತದೆ. ಹೆಚ್ಚಿನ ಸಮಿತಿಗಳ ಹೆಸರೂ ಆ ಮೂಲೆಯದೇ. ಸುಯೆಕಾ ಬೀದಿ ಮತ್ತು ಲಿತೆರಾತೊ ಅಸೊರಿನ್ ಬೀದಿ ಸೇರುವ ಕಡೆಯದು ‘ಸುಯೆಕಾ–ಲಿತೆರಾತೊ ಅಸೊರಿನ್’. ಕೊನ್ವೆಂತೊ ಹೆರುಸಲೆನ್ ಬೀದಿಗೆ ಮಾತೆಮಾತಿಕೊ ಮರ್ಸಾಲ್ ಬೀದಿ ಬಂದು ಸೇರುವಲ್ಲಿ ಇನ್ನೊಂದು. ಅದರ ಹೆಸರಿನಲ್ಲೂ ಆ ಎರಡು ಬೀದಿಗಳು. ನಗರದ ಅತಿ ಪ್ರಸಿದ್ಧ ಹಬ್ಬದ ಗುಟ್ಟು ಈ ಹೆಸರುಗಳಲ್ಲೇ ಇದೆ. ಇದು ಇಡೀ ಊರಿನ ಹಬ್ಬವಾಗಿ ಕಂಡರೂ ನಡೆಯುವುದು ಮೂಲೆಯಿಂದ ಮೂಲೆಗೆ, ಕೇರಿಯಿಂದ ಕೇರಿಗೆ.

ಮೆಡಿಟರೇನಿಯನ್ ಕರಾವಳಿಯ ವಲೆನ್ಸಿಯಾ ಸ್ಪೇನ್‌ನ ಮೂರನೇ ದೊಡ್ಡ ನಗರ, ಜನಸಂಖ್ಯೆ ಸುಮಾರು 8 ಲಕ್ಷ. ಪ್ರತಿ ಮಾರ್ಚ್‌ನಲ್ಲಿ ಇಲ್ಲಿನ ಸುಮಾರು 380 ಸಮಿತಿಗಳು ತಮ್ಮ ತಮ್ಮ ಮೂಲೆಯಲ್ಲಿ ಒಂದು ದೊಡ್ಡ ಶಿಲ್ಪವನ್ನೂ ಮಕ್ಕಳಿಗೆಂದು ಒಂದು ಚಿಕ್ಕ ಶಿಲ್ಪವನ್ನೂ ನಿಲ್ಲಿಸುತ್ತವೆ. ಒಟ್ಟು ಲೆಕ್ಕ 700 ದಾಟುತ್ತದೆ. ಕೆಲವು ಐದಾರು ಮಹಡಿಯಷ್ಟು ಎತ್ತರ. ಆ ಶಿಲ್ಪಕ್ಕೂ ಫಾಯಾ ಎಂದೇ ಹೆಸರು, ಅದನ್ನು ನಿಲ್ಲಿಸುವ ಸಮಿತಿಗೂ ಫಾಯಾ ಎಂದೇ ಹೆಸರು. ಮಾರ್ಚ್ 19ರ ರಾತ್ರಿ, ಸಂತ ಜೋಸೆಫರ ಹಬ್ಬದ ದಿನ, ಎಲ್ಲವನ್ನೂ ಸುಡುತ್ತಾರೆ. 2016ರಲ್ಲಿ ಯುನೆಸ್ಕೊ ಈ ಹಬ್ಬವನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಈ ಹಬ್ಬದ ಚಿತ್ರಗಳನ್ನು ನೋಡಿದವರಿಗೆಲ್ಲ ನೆನಪಿನಲ್ಲಿ ಉಳಿಯುವುದು ಬೆಂಕಿ. ಆದರೆ ಒಂದು ಫಾಯಾ ಉರಿಯುವುದು ಅರ್ಧ ಗಂಟೆಗೂ ಕಡಿಮೆ. ಅದಕ್ಕೆ ಹಣ ಕೂಡಿಸಿ, ಕಟ್ಟಿಸಿ, ನಿಲ್ಲಿಸುವುದಕ್ಕೆ ಒಂದು ವರ್ಷ. ಬೆಂಕಿಯನ್ನಷ್ಟೇ ನೋಡಿ ಬಂದವರು ‘ಅಷ್ಟು ಚೆಂದದ್ದನ್ನು ಯಾಕೆ ಸುಡುತ್ತಾರೋ’ ಎಂದು ಮರುಗುತ್ತಾರೆ. ಆ ವರ್ಷದ ಲೆಕ್ಕ ತಿಳಿದರೆ ಪ್ರಶ್ನೆಯೇ ಬದಲಾಗುತ್ತದೆ.

ಕಾಸಾಲ್‌ನ ಬಾಗಿಲಿನಿಂದ

ಪ್ರತಿ ಸಮಿತಿಗೂ ಒಂದು ‘ಕಾಸಾಲ್’ ಇರುತ್ತದೆ. ಅರಮನೆಯೇನಲ್ಲ, ಸಾಮಾನ್ಯವಾಗಿ ಯಾವುದೋ ವಸತಿ ಕಟ್ಟಡದ ನೆಲಮಹಡಿಯಲ್ಲಿ ಅಂಗಡಿ ಮಳಿಗೆಯಂಥ ಒಂದು ಉದ್ದನೆಯ ಕೋಣೆ, ಮೂಲೆಯಲ್ಲಿ ಅಡುಗೆಗೆ ಜಾಗ, ಗೋಡೆಯ ತುಂಬ ಹಿಂದಿನ ವರ್ಷಗಳ ಬಹುಮಾನದ ಪತಾಕೆಗಳು. ವಾರಾಂತ್ಯದಲ್ಲಿ ಅಲ್ಲಿ ರಾತ್ರಿಯೂಟ, ಇಸ್ಪೀಟು, ಮಕ್ಕಳ ನಾಟಕದ ತಾಲೀಮು. ಹಲವು ಮನೆಗಳಲ್ಲಿ ಮಗು ಹುಟ್ಟುತ್ತಲೇ ಸಮಿತಿಗೆ ಅದರ ಹೆಸರು ಬರೆಸುತ್ತಾರೆ. ಅಜ್ಜಿ, ಮಗಳು, ಮೊಮ್ಮಗಳು ಒಂದೇ ಮೂಲೆಯ ಫಾಯಾಗೆ ಸೇರಿದವರಾಗಿರುವುದು ಸಾಮಾನ್ಯ. ಮನೆ ಬದಲಾಯಿಸಿ ನಗರದ ಇನ್ನೊಂದು ಕಡೆಗೆ ಹೋದವರೂ ಹಳೆಯ ಮೂಲೆಯ ಸದಸ್ಯತ್ವ ಬಿಡುವುದಿಲ್ಲ. ನಗರದಲ್ಲಿ ಹೀಗೆ ಸಮಿತಿಗಳಿಗೆ ಸೇರಿದವರು ಸುಮಾರು ಒಂದು ಲಕ್ಷ ಮಂದಿ, ಎಂದರೆ ಎಂಟು ಜನರಲ್ಲಿ ಒಬ್ಬರು.

ನಮ್ಮ ಬೀದಿಗಳ ಗಣೇಶೋತ್ಸವ ಸಮಿತಿಯನ್ನು ಕಂಡವರಿಗೆ ಈ ಏರ್ಪಾಡು ಅಪರಿಚಿತವಲ್ಲ. ಚಂದಾ ಎತ್ತುವುದು, ಪಕ್ಕದ ಬೀದಿಗಿಂತ ನಮ್ಮದು ದೊಡ್ಡದಾಗಬೇಕೆಂಬ ಹುರುಪು, ಕೊನೆಯ ದಿನ ಕಟ್ಟಿದ್ದನ್ನೆಲ್ಲ ಬಿಟ್ಟುಕೊಡುವುದು, ಎಲ್ಲವೂ ಇದೆ. ವ್ಯತ್ಯಾಸ ಅವಧಿಯದು. ಅಲ್ಲಿ ಸಮಿತಿ ಹಬ್ಬಕ್ಕೆ ಮುಂಚೆ ಎದ್ದು ಹಬ್ಬ ಮುಗಿದ ಮೇಲೆ ಮಲಗುವುದಿಲ್ಲ. ಮಾರ್ಚ್ 19ಕ್ಕೆ ಒಂದು ವರ್ಷ ಮುಗಿಯುತ್ತದೆ. ಆಮೇಲೆ ಸ್ವಲ್ಪ ದಿನಗಳಲ್ಲೇ ಸರ್ವಸದಸ್ಯರ ಸಭೆ ಸೇರಿ ಲೆಕ್ಕ ಒಪ್ಪಿಸಿ, ಹೊಸ ಅಧ್ಯಕ್ಷರನ್ನು ಆರಿಸಿ, ಮುಂದಿನ ವರ್ಷದ ಸದಸ್ಯರ ಪಟ್ಟಿ ತೆರೆಯುತ್ತಾರೆ.

ಹಣ ಹೇಗೆ ಕೂಡುತ್ತದೆ? ಮೊದಲನೆಯದು ಸದಸ್ಯರು ತಿಂಗಳು ತಿಂಗಳು ಕಟ್ಟುವ ಶುಲ್ಕ. ದೊಡ್ಡವರಿಗೆ ಹೆಚ್ಚು, ಮಕ್ಕಳಿಗೆ ಕಡಿಮೆ. ಎರಡನೆಯದು ಲಾಟರಿ. ಸ್ಪೇನ್‌ನಲ್ಲಿ ಡಿಸೆಂಬರ್ 22ರ ಕ್ರಿಸ್‌ಮಸ್ ಲಾಟರಿಯನ್ನು ಕೊಳ್ಳದ ಮನೆ ಕಡಿಮೆ. ಸಮಿತಿಗಳು ಟಿಕೆಟ್ ಕೊಂಡು ಅದನ್ನು ಚಿಕ್ಕ ಚಿಕ್ಕ ಪಾಲುಗಳಾಗಿ ಮಾರುತ್ತವೆ, ಪ್ರತಿ ಪಾಲಿನ ಮೇಲೆ ಸ್ವಲ್ಪ ಹೆಚ್ಚು ತೆಗೆದುಕೊಳ್ಳುತ್ತವೆ. ಆ ಹೆಚ್ಚುವರಿ ಫಾಯಾದ ನಿಧಿಗೆ. ಓಣಿಯ ಬೇಕರಿಯವ, ಔಷಧಿ ಅಂಗಡಿಯವಳು, ಕೆಲಸದ ಕಡೆಯ ಗೆಳೆಯರು, ಎಲ್ಲರಿಗೂ ಈ ಪಾಲು ಮಾರುವುದು ಸದಸ್ಯರ ಕರ್ತವ್ಯ. ಇದರ ಜೊತೆಗೆ ಚೀಟಿ ಎತ್ತಿ ಬಹುಮಾನ ಕೊಡುವ ರಾಫೆಲ್‌ಗಳು, ಊಟದ ಕೂಟಗಳು, ಸಮಿತಿಯ ಪುಸ್ತಿಕೆಯಲ್ಲಿ ಸುತ್ತಲಿನ ಅಂಗಡಿಗಳ ಜಾಹೀರಾತು. ಶಿಲ್ಪದ ಖರ್ಚಿನ ಒಂದು ಭಾಗವನ್ನು ನಗರಸಭೆ ಅನುದಾನವಾಗಿ ಕೊಡುತ್ತದೆ.

ಕೂಡಿದ ಹಣವೆಲ್ಲ ಶಿಲ್ಪಕ್ಕೇ ಹೋಗುತ್ತದೆ ಎಂದು ತಿಳಿದರೆ ತಪ್ಪು. ಬ್ಯಾಂಡು, ಬೀದಿಯಲ್ಲಿ ಹಾಕುವ ಡೇರೆ, ಪಟಾಕಿ, ಹೂವು, ಊಟ, ಕಾಸಾಲ್‌ನ ಬಾಡಿಗೆ, ಇವೇ ಬಹುಪಾಲು ನುಂಗುತ್ತವೆ. ಶಿಲ್ಪ ಮಾಡುವವರ ಹಳೆಯ ದೂರು ಇದೇ: ಹಬ್ಬ ಬೆಳೆಯುತ್ತಿದೆ, ಹಬ್ಬದ ನಡುವೆ ನಿಲ್ಲುವ ಫಾಯಾದ ಪಾಲು ಬೆಳೆಯುತ್ತಿಲ್ಲ. ಅವರ ಮಾತಿನಲ್ಲಿ ನ್ಯಾಯವಿದೆ ಎಂದೇ ನನ್ನ ಭಾವನೆ.

ಬಹುಮಾನ ಮಾಡಿದ ಬದಲಾವಣೆ

ಹಬ್ಬದ ಮೂಲ ಕೇಳಿದರೆ ಎಲ್ಲರೂ ಬಡಗಿಗಳ ಕಥೆ ಹೇಳುತ್ತಾರೆ. ಚಳಿಗಾಲದ ಸಂಜೆಗಳಲ್ಲಿ ಬಡಗಿಗಳು ಒಂದು ಮರದ ಕಂಬಕ್ಕೆ ದೀಪ ತೂಗುಹಾಕಿ ಕೆಲಸ ಮಾಡುತ್ತಿದ್ದರಂತೆ. ಹಗಲು ಉದ್ದವಾಗುತ್ತ ಬಂದಾಗ ಅದು ಬೇಡವಾಗಿ, ತಮ್ಮ ಕುಲಸಂತನಾದ ಜೋಸೆಫನ ಹಬ್ಬದ ಹಿಂದಿನ ರಾತ್ರಿ ಆ ಕಂಬವನ್ನೂ ವರ್ಷದ ಹೊಟ್ಟು, ಚಕ್ಕೆಗಳನ್ನೂ ಬೀದಿಯಲ್ಲಿ ಗುಡ್ಡೆಹಾಕಿ ಸುಡುತ್ತಿದ್ದರಂತೆ. ಕಂಬಕ್ಕೆ ಹಳೆ ಬಟ್ಟೆ ತೊಡಿಸಿದಾಗ ಅದು ಮನುಷ್ಯನಾಯಿತು, ಯಾರನ್ನೋ ಹೋಲತೊಡಗಿತು. ಕಥೆ ಸೊಗಸಾಗಿದೆ. ಆದರೆ ಇತಿಹಾಸಕಾರರು ಇದನ್ನು ಪೂರ್ತಿ ಒಪ್ಪುವುದಿಲ್ಲ. ವಸಂತದ ಹೊತ್ತಿಗೆ ಬೆಂಕಿ ಹಾಕುವ, ಪ್ರತಿಕೃತಿ ಸುಡುವ ಹಳೆಯ ಪದ್ಧತಿಗಳು ಯುರೋಪಿನಲ್ಲಿ ಬಹಳ ಕಡೆ ಇದ್ದವು. ವಲೆನ್ಸಿಯಾದ ಫಾಯಾಗೆ ಖಚಿತ ದಾಖಲೆಗಳು ಸಿಗುವುದು 18ನೇ ಶತಮಾನದಿಂದ.

ಆಗಿನ ಫಾಯಾ ಎಂದರೆ ಒಂದು ಅಟ್ಟಣೆ, ಅದರ ಮೇಲೆ ಬಟ್ಟೆ ತೊಟ್ಟ ಎರಡು ಮೂರು ಬೊಂಬೆಗಳು. ಈ ಬೊಂಬೆಗೆ ‘ನಿನೋಟ್’ ಎನ್ನುತ್ತಾರೆ. ಬೊಂಬೆಗಳು ಯಾರು? ತೂಕದಲ್ಲಿ ಮೋಸ ಮಾಡುವ ಅಂಗಡಿಯವ, ಬಾಡಿಗೆ ಹಿಂಡುವ ಮನೆಯೊಡೆಯ, ಎಲ್ಲರಿಗೂ ಗೊತ್ತಿದ್ದು ಯಾರೂ ಆಡದ ಪ್ರೇಮಪ್ರಸಂಗದ ಗಂಡು ಹೆಣ್ಣು. ಕೇರಿಯ ಗುಸುಗುಸುವನ್ನು ಹಾಡುಹಗಲಲ್ಲಿ ನಿಲ್ಲಿಸಿ, ನಗಿಸಿ, ರಾತ್ರಿ ಸುಟ್ಟುಬಿಡುವುದು ಅದರ ಕೆಲಸ. ಸಹಜವಾಗಿಯೇ 19ನೇ ಶತಮಾನದ ನಗರಸಭೆಗೆ ಇದು ಹಿಡಿಸಲಿಲ್ಲ. ಅಪ್ಪಣೆ ಬೇಕೆಂದಿತು, ಅಪ್ಪಣೆಗೆ ಶುಲ್ಕ ಹಾಕಿತು, ಶುಲ್ಕ ಏರಿಸಿತು. ಜನ ಪ್ರತಿಭಟಿಸಿದರು.

ದಂಡ, ಶುಲ್ಕಗಳಿಂದ ಆಗದ ಬದಲಾವಣೆ ಬಹುಮಾನದಿಂದ ಆಯಿತು. 1895ರಲ್ಲಿ ವಲೆನ್ಸಿಯನ್ ಭಾಷೆ, ಸಂಸ್ಕೃತಿಗೆ ದುಡಿಯುವ ‘ಲೊ ರಾತ್ ಪೆನಾತ್’ ಎಂಬ ಸಂಘ ಒಳ್ಳೆಯ ಫಾಯಾಗೆ ಬಹುಮಾನ ಕೊಟ್ಟಿತು. 1901ರಲ್ಲಿ ನಗರಸಭೆಯೇ ಬಹುಮಾನ ಕೊಡಲು ಶುರುಮಾಡಿತು. ಬಹುಮಾನ ಬಂದಲ್ಲಿ ತೀರ್ಪುಗಾರರು ಬರುತ್ತಾರೆ, ತೀರ್ಪುಗಾರರು ಬಂದಲ್ಲಿ ಅಂದ ಮುಂದೆ ಬರುತ್ತದೆ. ಬೀದಿಯವರೇ ಹಳೆ ಬಟ್ಟೆ ತುಂಬಿ ಮಾಡುತ್ತಿದ್ದ ಬೊಂಬೆಯ ಜಾಗಕ್ಕೆ ಕಲಾವಿದನ ಶಿಲ್ಪ ಬಂತು, ಎತ್ತರ ಏರಿತು, ಚುಚ್ಚುಮಾತು ಸ್ವಲ್ಪ ಮೆದುವಾಯಿತು. 1927ರಲ್ಲಿ ಮ್ಯಾಡ್ರಿಡ್‌ನಿಂದ ಫಾಯಾಸ್ ನೋಡುವವರಿಗೆಂದೇ ರೈಲು ಬಂತು. 1932ರಲ್ಲಿ ಹಬ್ಬ ‘ಫಾಯಾಸ್ ವಾರ’ವಾಗಿ ಹಿಗ್ಗಿತು. 1934ರಿಂದ ವರ್ಷಕ್ಕೊಂದು ನಿನೋಟ್‌ಗೆ ಬೆಂಕಿಯಿಂದ ಕ್ಷಮಾದಾನ ಕೊಡುವ ಪದ್ಧತಿ ಬಂತು. ಹಬ್ಬಕ್ಕೆ ಮುಂಚೆ ಪ್ರತಿ ಸಮಿತಿಯೂ ಒಂದು ನಿನೋಟ್ ಅನ್ನು ಪ್ರದರ್ಶನಕ್ಕೆ ಕಳಿಸುತ್ತದೆ, ನೋಡಲು ಬಂದ ಸಾಮಾನ್ಯ ಜನ ಮತ ಹಾಕುತ್ತಾರೆ, ಗೆದ್ದದ್ದು ಮೊಂತೊಲಿವೆತೆ ಕೇರಿಯ ಫಾಯಾ ಸಂಗ್ರಹಾಲಯಕ್ಕೆ ಹೋಗುತ್ತದೆ. 1963ರಿಂದ ಮಕ್ಕಳ ಫಾಯಾಗಳ ಒಂದು ನಿನೋಟ್‌ಗೂ ಈ ಭಾಗ್ಯ. 1934ರ ಆ ಮೊದಲ ವರ್ಷ ಉಳಿದದ್ದು ಒಬ್ಬ ಅಜ್ಜಿ ಮತ್ತು ಮೊಮ್ಮಗಳು. ಆ ಸಂಗ್ರಹಾಲಯದಲ್ಲಿ ವರ್ಷದ ಕ್ರಮದಲ್ಲಿ ನಡೆದುಹೋದರೆ ಬೊಂಬೆಯ ಮುಖಗಳು ಮೇಣದಿಂದ ರಟ್ಟಿಗೆ, ರಟ್ಟಿನಿಂದ ಥರ್ಮಾಕೋಲ್‌ಗೆ ಬದಲಾಗುವುದು ಕಾಣುತ್ತದೆ. ವಲೆನ್ಸಿಯಾಗೆ ಹಬ್ಬದ ಸಮಯ ಬಿಟ್ಟು ಹೋಗುವವರು ನೋಡಲೇಬೇಕಾದ ಜಾಗ ಅದು.

ಅಂತರ್ಯುದ್ಧದ ಕಾಲದಲ್ಲಿ ಹಬ್ಬ ನಿಂತಿತು. 1939ರಲ್ಲಿ ಯುದ್ಧ ಗೆದ್ದ ಸರ್ವಾಧಿಕಾರಿ ಫ್ರಾಂಕೊನ ಆಡಳಿತ ಹಬ್ಬವನ್ನು ನಿಷೇಧಿಸುವ ಬದಲು ತನ್ನ ಅಂಕೆಗೆ ತೆಗೆದುಕೊಂಡಿತು. ಎಲ್ಲ ಸಮಿತಿಗಳ ಮೇಲೆ ಒಂದು ಕೇಂದ್ರ ಮಂಡಳಿ ಬಂತು, ಕಟ್ಟುವ ಮುಂಚೆಯೇ ನಕ್ಷೆ ತೋರಿಸಿ ಒಪ್ಪಿಗೆ ಪಡೆಯಬೇಕಾಯಿತು. ಮಾತೆ ಮೇರಿಗೆ ಹೂವಿನ ಅರ್ಪಣೆ ಈಗಿನ ರೂಪ ಪಡೆದದ್ದೂ ಆ ಕಾಲದಲ್ಲೇ, 1945ರಲ್ಲಿ. ಇಂದು ಹಬ್ಬದಲ್ಲಿ ‘ಅನಾದಿಕಾಲದ್ದು’ ಎನಿಸುವ ಹಲವು ಸಂಗತಿಗಳ ವಯಸ್ಸು ಇಷ್ಟೇ. ಇದನ್ನು ಹೇಳುವುದು ಹಬ್ಬವನ್ನು ಹಳಿಯುವುದಕ್ಕಲ್ಲ. ಒಂದೇ ಹಬ್ಬದಲ್ಲಿ ಅಧಿಕಾರವನ್ನು ಗೇಲಿ ಮಾಡುವ ಬೊಂಬೆಯೂ ಅದೇ ಅಧಿಕಾರ ರೂಪಿಸಿದ ಮೆರವಣಿಗೆಯೂ ಅಕ್ಕಪಕ್ಕ ಹೇಗೆ ಬಂದವು ಎಂಬುದು ಇದಿಲ್ಲದೆ ಅರ್ಥವಾಗುವುದಿಲ್ಲ. ಪ್ರಜಾಪ್ರಭುತ್ವ ಮರಳಿದ ಮೇಲೆ ಗೇಲಿಯೂ ಮರಳಿತು.

ಕಟ್ಟುವವರು

ನಗರದ ವಾಯವ್ಯಕ್ಕೆ ಬೆನಿಕಲಾಪ್ ಎಂಬ ಕೇರಿ. ಅಲ್ಲಿ 1960ರ ದಶಕದಲ್ಲಿ ಫಾಯಾ ಕಲಾವಿದರಿಗೆಂದೇ ಒಂದು ಬಡಾವಣೆ ಕಟ್ಟಿದರು. ಹೆಸರೇ ‘ಫಾಯಾ ಕಲಾವಿದನ ನಗರ’. ಎತ್ತರದ ಬಾಗಿಲುಗಳ ಕಾರ್ಯಾಗಾರಗಳ ಸಾಲು. ಆ ಬಾಗಿಲಿನ ಎತ್ತರವೇ ಅಲ್ಲಿನ ಕಸುಬು ಏನೆಂದು ಹೇಳಿಬಿಡುತ್ತದೆ.

ಹಿಂದಿನ ಕ್ರಮ ಹೀಗಿತ್ತು. ಜೇಡಿಮಣ್ಣಿನಲ್ಲಿ ಮಾದರಿ, ಅದಕ್ಕೆ ಪ್ಲಾಸ್ಟರ್‌ನ ಅಚ್ಚು, ಅಚ್ಚಿನೊಳಗೆ ನೆನೆಸಿದ ರಟ್ಟಿನ ಪದರಗಳು, ಒಣಗಿದ ಮೇಲೆ ಬಿಡಿಸಿ ಜೋಡಿಸಿ ಬಣ್ಣ. ದೊಡ್ಡ ಆಕಾರಗಳಿಗೆ ತೆಳುವಾದ ಮರದ ಪಟ್ಟಿಗಳನ್ನು ಬಾಗಿಸಿ, ಹತ್ತಿರ ಹತ್ತಿರ ಮೊಳೆ ಹೊಡೆದು ಮೈ ಕಟ್ಟುತ್ತಿದ್ದರು. ಇದಕ್ಕೆ ‘ವರೆತಾ’ ಎನ್ನುತ್ತಾರೆ. ಬುಟ್ಟಿ ಹೆಣೆಯುವವನ ಕೈಯೂ ದೋಣಿ ಕಟ್ಟುವವನ ಕಣ್ಣೂ ಬೇಕಾದ ಕೆಲಸ. 20ನೇ ಶತಮಾನದ ಕೊನೆಯ ದಶಕಗಳಲ್ಲಿ ಥರ್ಮಾಕೋಲ್ ಬಂತು. ಹಗುರ, ಬೇಗ ಕೊರೆಯಬಹುದು, ಎಷ್ಟು ಎತ್ತರಕ್ಕೂ ಏರಿಸಬಹುದು. ಈಗ ಕಂಪ್ಯೂಟರಿನಲ್ಲಿ ಬರೆದ ಆಕಾರವನ್ನು ಯಂತ್ರವೇ ಕೆತ್ತಿಕೊಡುತ್ತದೆ. ಆಕಾಶಕ್ಕೆ ಚಾಚಿದ ಕೈ, ಗಾಳಿಯಲ್ಲಿ ಹಾರುವ ಸೆರಗು, ಒಂದೇ ಕಾಲ ಮೇಲೆ ನಿಂತ ಕುದುರೆ, ಇವೆಲ್ಲ ಸಾಧ್ಯವಾದದ್ದು ಅದರಿಂದ. ಆದರೆ ಥರ್ಮಾಕೋಲ್ ಸುಟ್ಟರೆ ಕಪ್ಪು ಹೊಗೆ. ಮರ ಮತ್ತು ರಟ್ಟಿನ ಫಾಯಾ ಕಿತ್ತಳೆ ಬಣ್ಣದಲ್ಲಿ ನಿಧಾನವಾಗಿ ಉರಿಯುತ್ತದೆ, ಒಳಗಿನ ಹಂದರ ಕೊನೆಯವರೆಗೂ ನಿಂತಿರುತ್ತದೆ; ಥರ್ಮಾಕೋಲ್‌ನದು ಕರಗಿ ಕುಸಿಯುತ್ತದೆ. ಹೊಗೆಯ ವಿಷಯ ಈಗ ಹಬ್ಬದೊಳಗೇ ಗಂಭೀರ ಚರ್ಚೆಯಾಗಿದೆ, ಕೆಲವು ಕಲಾವಿದರು ಬೇಕೆಂದೇ ಮರ, ರಟ್ಟಿನತ್ತ ಮರಳಿದ್ದಾರೆ. ಕೂಲಿ, ಸಾಮಗ್ರಿ ಎರಡೂ ತುಟ್ಟಿಯಾಗಿ ಸಮಿತಿಯ ಬಜೆಟ್ ಅಷ್ಟೇ ಇರುವಾಗ ಕೈಕೆಲಸ ಹೆಚ್ಚು ಬೇಡುವ ದಾರಿಗೆ ಮರಳುವುದು ಸುಲಭವಲ್ಲ.

ಸ್ಪರ್ಧೆಯಲ್ಲಿ ಎಲ್ಲರೂ ಒಂದೇ ಅಖಾಡದಲ್ಲಿಲ್ಲ. ಖರ್ಚಿನ ಆಧಾರದ ಮೇಲೆ ಫಾಯಾಗಳನ್ನು ವಿಭಾಗಗಳಾಗಿ ಹಂಚುತ್ತಾರೆ, ಎಲ್ಲಕ್ಕಿಂತ ಮೇಲಿನದು 1942ರಲ್ಲಿ ಶುರುವಾದ ‘ವಿಶೇಷ ವಿಭಾಗ’. ಅಲ್ಲಿನ ಪೈಪೋಟಿ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ 2009 ಸಾಕ್ಷಿ: ನಗರದ ಅಂಚಿನ ಹೊಸ ಬಡಾವಣೆಯಾದ ನೌ ಕಾಂಪನಾರ್‌ನ ಸಮಿತಿ ಒಂದೇ ಫಾಯಾಗೆ 9 ಲಕ್ಷ ಯೂರೊ ಸುರಿಯಿತು. ಸ್ಪೇನ್‌ನ ಕಟ್ಟಡ ಉದ್ಯಮ ಉಬ್ಬಿದ್ದ ಕಾಲದ ಹಣ ಅದು. ಉಬ್ಬರ ಇಳಿಯಿತು, ಆ ಮಟ್ಟದ ಫಾಯಾ ಅಲ್ಲಿ ಮತ್ತೆ ಏಳಲಿಲ್ಲ. ಅದಕ್ಕಿಂತ ಎಷ್ಟೋ ಹಳೆಯದಾದ, ಎಷ್ಟೋ ಕಡಿಮೆ ಹಣದ ಮೂಲೆಗಳು ಇಂದಿಗೂ ಪ್ರತಿ ಮಾರ್ಚ್‌ಗೆ ಎದ್ದು ನಿಲ್ಲುತ್ತಿವೆ. ಅವುಗಳ ಹಿಂದೆ ಒಬ್ಬ ಸಿರಿವಂತನಲ್ಲ, ಲಾಟರಿ ಪಾಲು ಮಾರುವ ಇನ್ನೂರು ಮುನ್ನೂರು ಜನರಿದ್ದಾರೆ.

ಫಾಯಾ ಓದುವುದು

ಪ್ರವಾಸಿಗರು ಫಾಯಾದ ಮುಂದೆ ನಿಂತು ಕತ್ತೆತ್ತಿ ಮೇಲೆ ನೋಡುತ್ತಾರೆ. ಊರಿನವರು ಕತ್ತು ಬಗ್ಗಿಸಿ ಸುತ್ತ ನಡೆಯುತ್ತಾರೆ. ಮೇಲಿನ ದೊಡ್ಡ ಆಕೃತಿ ವಿಷಯದ ಸೂಚನೆ ಮಾತ್ರ. ಫಾಯಾದ ಜೀವ ಇರುವುದು ಬುಡದ ಸುತ್ತ ಜೋಡಿಸಿದ ಚಿಕ್ಕ ದೃಶ್ಯಗಳಲ್ಲಿ. ಪ್ರತಿ ದೃಶ್ಯದ ಪಕ್ಕದಲ್ಲೂ ವಲೆನ್ಸಿಯನ್ ಭಾಷೆಯಲ್ಲಿ ಪ್ರಾಸಬದ್ಧ ಸಾಲುಗಳ ಒಂದು ಫಲಕ. ಪ್ರಧಾನಿ, ಪ್ರಾಂತದ ಮುಖ್ಯಸ್ಥ, ಮೇಯರ್, ಫುಟ್‌ಬಾಲ್ ಕ್ಲಬ್ಬಿನ ಒಡೆಯ, ಏರಿದ ಬಾಡಿಗೆ, ಸದಾ ಅಗೆದಿಟ್ಟ ರಸ್ತೆ, ಎಲ್ಲಕ್ಕೂ ಅಲ್ಲಿ ಜಾಗವಿದೆ. ಇದರ ವಿಸ್ತೃತ ರೂಪವಾಗಿ ಸಮಿತಿಗಳು ‘ಯಿಬ್ರೆತ್’ ಎಂಬ ಪುಸ್ತಿಕೆ ಅಚ್ಚು ಹಾಕಿಸುತ್ತವೆ. ಆ ವರ್ಷದ ಫಾಯಾವನ್ನು ಪದ್ಯದಲ್ಲಿ ವಿವರಿಸುವುದು ಅದರ ಹಳೆಯ ಉದ್ದೇಶ, ಈಗ ಕೇರಿಯ ಇತಿಹಾಸದ ಒಳ್ಳೆಯ ಲೇಖನಗಳೂ ಅದರಲ್ಲಿ ಬರುತ್ತವೆ. ಸ್ಪ್ಯಾನಿಷ್ ಎಲ್ಲೆಡೆ ಮೇಲುಗೈ ಪಡೆದಿರುವ ನಗರದಲ್ಲಿ ವಲೆನ್ಸಿಯನ್ ಭಾಷೆ ಬೀದಿಯಲ್ಲಿ ಇಷ್ಟು ದೊಡ್ಡ ಅಕ್ಷರದಲ್ಲಿ ಕಾಣುವುದು ಈ ದಿನಗಳಲ್ಲೇ. ನನಗೆ ಇಡೀ ಹಬ್ಬದಲ್ಲಿ ಅತಿ ಹೆಚ್ಚು ಬೆಲೆಯುಳ್ಳದ್ದೆನಿಸುವುದು ಈ ಫಲಕಗಳು.

ಸದ್ದು ಮತ್ತು ರೇಷ್ಮೆ

ಫೆಬ್ರವರಿಯ ಕೊನೆಯ ಭಾನುವಾರ 14ನೇ ಶತಮಾನದ ಸೆರಾನೊಸ್ ಕೋಟೆಬಾಗಿಲಿನಿಂದ ಹಬ್ಬಕ್ಕೆ ಕರೆ ಕೊಡುತ್ತಾರೆ. ಮಾರ್ಚ್ 1ರಿಂದ 19ರವರೆಗೆ ಪ್ರತಿ ಮಧ್ಯಾಹ್ನ ಎರಡು ಗಂಟೆಗೆ ನಗರಸಭೆಯ ಚೌಕದಲ್ಲಿ ‘ಮಸ್ಕ್ಲೆತಾ’. ಇದು ಹಾಡುಹಗಲಿನ ಪಟಾಕಿ. ಇಲ್ಲಿ ಬಣ್ಣಕ್ಕಿಂತ ಸದ್ದು ಮುಖ್ಯ. ಬೇಲಿ ಹಾಕಿದ ಅಂಗಳದಲ್ಲಿ ಹಗ್ಗಗಳಿಗೆ ಸಾಲುಸಾಲಾಗಿ ಗರ್ನಾಲುಗಳನ್ನು ಕಟ್ಟಿರುತ್ತಾರೆ. ಆ ವರ್ಷದ ಹಬ್ಬದ ಪ್ರತಿನಿಧಿಯಾಗಿ ಆಯ್ಕೆಯಾದ ಯುವತಿ, ‘ಫಾಯೆರಾ ಮಾಯೊರ್’, ಬಾಲ್ಕನಿಯಿಂದ ‘ಪಟಾಕಿಯ ಯಜಮಾನರೇ, ಮಸ್ಕ್ಲೆತಾ ಶುರುಮಾಡಬಹುದು’ ಎಂದು ವಲೆನ್ಸಿಯನ್‌ನಲ್ಲಿ ಕೂಗುತ್ತಾಳೆ. ಮೊದಲು ಬಿಡಿ ಬಿಡಿ ಸದ್ದು, ಆಮೇಲೆ ಲಯ ಹಿಡಿದ ಸಾಲುಗಳು, ಕೊನೆಗೆ ‘ತೆರ್ರಾತ್ರೆಮೊಲ್’, ಎಂದರೆ ಭೂಕಂಪ: ನೆಲದ ಮೇಲಿನ ಗರ್ನಾಲುಗಳೆಲ್ಲ ಒಂದರ ಮೇಲೊಂದು ಸಿಡಿದು ಎದೆಗೂಡೇ ನಡುಗುತ್ತದೆ. ಅದರ ಮೇಲೆ ಆಕಾಶದಲ್ಲಿ ಸುರಿಮಳೆ. ಒಟ್ಟು ಐದರಿಂದ ಎಂಟು ನಿಮಿಷ, ಸದ್ದು 120 ಡೆಸಿಬೆಲ್ ಆಸುಪಾಸು ಮುಟ್ಟುತ್ತದೆ. ಬಾಯಿ ಸ್ವಲ್ಪ ತೆರೆದಿಟ್ಟುಕೊಳ್ಳಿ ಎಂದು ಊರಿನವರು ಹೊಸಬರಿಗೆ ಹೇಳಿಕೊಡುತ್ತಾರೆ. ಮುಗಿದ ಮೇಲೆ ಜನ ಚೆಂಡೆಯ ಬಗ್ಗೆ ಮಾತಾಡುವ ರಸಿಕರ ಹಾಗೆ ಚರ್ಚಿಸುತ್ತಾರೆ: ಇಂದು ನಡುವೆ ಲಯ ಹರಿಯಿತು, ನಿನ್ನೆಯ ಏರಿಕೆ ಚೆನ್ನಾಗಿತ್ತು, ಕೊನೆ ತುಸು ಬೇಗ ಬಂತು. ತಲೆಮಾರುಗಳಿಂದ ಇದೇ ಕಸುಬಿನಲ್ಲಿರುವ ಮನೆತನಗಳ ಶೈಲಿಯನ್ನು ಕಣ್ಣುಮುಚ್ಚಿ ಗುರುತಿಸುವವರಿದ್ದಾರೆ.

ಮಾರ್ಚ್ 17 ಮತ್ತು 18ರಂದು ಚಿತ್ರ ಪೂರ್ತಿ ಬೇರೆ. ಎಲ್ಲ ಕೇರಿಗಳಿಂದ ಸಮಿತಿಗಳು ತಮ್ಮ ಬ್ಯಾಂಡಿನೊಂದಿಗೆ ಹೊರಟು ವಿರ್ಹೆನ್ ಚೌಕಕ್ಕೆ ಬರುತ್ತವೆ. ಅಲ್ಲಿ ನಿರಾಶ್ರಿತರ ಮಾತೆ ಎಂದು ಜನ ಕರೆಯುವ ಮೇರಿಯ ಬೃಹತ್ ಮರದ ಹಂದರವಿದೆ; ಹೆಂಗಸರು ತಂದ ಹೂಗುಚ್ಛಗಳನ್ನು ಹಂದರ ಏರಿದವರು ಒಂದೊಂದಾಗಿ ಸಿಕ್ಕಿಸಿ ಮಾತೆಯ ಮೇಲಂಗಿಯನ್ನು ಮೂಡಿಸುತ್ತಾರೆ. ಚೌಕ ಮುಟ್ಟುವಾಗ ಬಹಳಷ್ಟು ಮಂದಿ ಅಳುತ್ತಾರೆ, ಚರ್ಚಿಗೆ ಎಂದೂ ಹೋಗದವರೂ.

ಅವರು ತೊಡುವ ರೇಷ್ಮೆಯ ಲಂಗ, ರವಿಕೆಗಳಿಗೆ ಒಂದು ಕೇರಿಯ ಇತಿಹಾಸವಿದೆ. ಹಳೆಯ ಊರಿನ ವೆಲ್ಯುತೆರ್ಸ್ ಎಂಬ ಭಾಗ ಮಖಮಲ್ ನೇಯುವವರದು. 1479ರಲ್ಲೇ ಅವರ ಸಂಘ ಹುಟ್ಟಿತ್ತು. ಆ ಕಸುಬಿನ ಸಿರಿತನದ ಗುರುತಾಗಿ 15ನೇ ಶತಮಾನದ ಕೊನೆಯಲ್ಲಿ ಏಳತೊಡಗಿದ ರೇಷ್ಮೆ ವಹಿವಾಟಿನ ಭವನ ಇಂದಿಗೂ ಮಾರುಕಟ್ಟೆಯ ಎದುರು ನಿಂತಿದೆ, 1996ರಿಂದ ವಿಶ್ವ ಪರಂಪರೆಯ ತಾಣ. ಮಗ್ಗಗಳು ಹೆಚ್ಚೂಕಡಿಮೆ ನಿಂತುಹೋದವು. ಉಳಿದ ಕೆಲವು ಕೈಮಗ್ಗಗಳಲ್ಲಿ ಹೂಬಳ್ಳಿಯ ‘ಎಸ್ಪೊಲಿನ್’ ಬಟ್ಟೆಯನ್ನು ದಿನಕ್ಕೆ ಕೆಲವೇ ಸೆಂಟಿಮೀಟರಿನಂತೆ ನೇಯುತ್ತಾರೆ. ಅವು ಬದುಕಿರುವುದಕ್ಕೆ ಮುಖ್ಯ ಕಾರಣ ಈ ಹಬ್ಬ.

ಕೇರಿಗಳ ಸ್ವಭಾವ

ವಲೆನ್ಸಿಯಾದ ಕೇರಿಗಳಿಗೆ ಇಷ್ಟು ಸ್ವಂತಿಕೆ ಎಲ್ಲಿಂದ? ಅವುಗಳಲ್ಲಿ ಹಲವು ಒಂದು ಕಾಲಕ್ಕೆ ಬೇರೆ ಊರುಗಳಾಗಿದ್ದವು. ರುಸಾಫಾ 1877ರವರೆಗೆ, ಸಮುದ್ರದಂಚಿನ ಕಾಬನ್ಯಾಲ್ 1897ರವರೆಗೆ ಸ್ವತಂತ್ರ ಪುರಸಭೆಗಳು. ನಗರ ಅವುಗಳನ್ನು ನುಂಗಿತು, ಅವು ಕರಗಲಿಲ್ಲ.

ರುಸಾಫಾ ಅರಬರ ಕಾಲದ ಉದ್ಯಾನದಿಂದ ಹೆಸರು ಪಡೆದ ಜಾಗ. ಈಗ ಅಲ್ಲಿ ಹಳೆಯ ಮಾರುಕಟ್ಟೆ, ವಲಸಿಗರ ದಿನಸಿ ಅಂಗಡಿಗಳು, ಕೆಫೆಗಳು. ಫಾಯಾಸ್‌ನಲ್ಲಿ ಇದರ ವಿಶೇಷ ದೀಪಾಲಂಕಾರ. ಸುಯೆಕಾ ಮತ್ತು ಕ್ಯೂಬಾ ಬೀದಿಗಳ ಸಮಿತಿಗಳು ವರ್ಷಗಟ್ಟಲೆ ಒಬ್ಬರನ್ನೊಬ್ಬರು ಮೀರಿಸಲು ಹೋಗಿ ಬೀದಿಗೆ ಬೀದಿಯೇ ದೀಪದ ಕಮಾನಾಯಿತು. ಜನಸಾಗರ ಬಂತು. ಅದರ ಜೊತೆಗೆ ಏರಿದ ಬಾಡಿಗೆ, ಪ್ರವಾಸಿಗರ ಕೋಣೆಗಳಾದ ಮನೆಗಳು ಬಂದವು. ಇವಕ್ಕೆ ಹಬ್ಬವೊಂದೇ ಕಾರಣವಲ್ಲ. ಹಬ್ಬದ ವಾರ ಮನೆಗೆ ಬೀಗ ಹಾಕಿ ಊರು ಬಿಡುವ ನಿವಾಸಿಗಳು ಎಲ್ಲ ಕೇರಿಗಳಲ್ಲೂ ಇದ್ದಾರೆ. ಮುಚ್ಚಿದ ರಸ್ತೆ, ನಡುರಾತ್ರಿಯ ಸಂಗೀತ, ಬೆದರಿದ ನಾಯಿಗಳು, ಅವರ ದೂರು ಸುಳ್ಳಲ್ಲ. ಯಾವ ಸಮಿತಿಗೂ ಸೇರದ ಮನೆಗಳು ಒಂದು ಬೀದಿಯಲ್ಲಿ ಹೆಚ್ಚಾದಷ್ಟೂ ಆ ದೂರು ಜೋರಾಗುತ್ತದೆ.

ಎಲ್ ಕಾರ್ಮೆ 11ನೇ ಶತಮಾನದ ಅರಬ್ ಕೋಟೆಗೋಡೆಗೂ 14ನೇ ಶತಮಾನದ ಕ್ರೈಸ್ತ ಕೋಟೆಗೋಡೆಗೂ ನಡುವೆ ಬೆಳೆದ ಇಕ್ಕಟ್ಟಿನ ಕೇರಿ. ಬೀದಿಗಳು ಎಷ್ಟು ಕಿರಿದೆಂದರೆ ಇಲ್ಲಿನ ಫಾಯಾ ಸುಡುವಾಗ ಅಗ್ನಿಶಾಮಕ ದಳ ಎದುರುಬದುರಿನ ಗೋಡೆಗಳಿಗೆ ನೀರು ಹಾಯಿಸುತ್ತಲೇ ಇರಬೇಕು.

ಕಾಬನ್ಯಾಲ್‌ನದು ಹೇಳಲೇಬೇಕಾದ ಕಥೆ. ಮೀನುಗಾರರ ಊರು, ಸಮುದ್ರಕ್ಕೆ ಸಮಾನಾಂತರವಾದ ಉದ್ದ ಬೀದಿಗಳು, ಬಣ್ಣದ ಹೆಂಚು ಮೆತ್ತಿದ ಮುಂಗೋಡೆಯ ಪುಟ್ಟ ಮನೆಗಳು. ಇಲ್ಲಿನವರ ದೊಡ್ಡ ಆಚರಣೆ ಫಾಯಾಸ್‌ಗಿಂತ ಹೆಚ್ಚಾಗಿ ಈಸ್ಟರ್‌ಗೆ ಮುಂಚಿನ ಪವಿತ್ರ ವಾರದಲ್ಲಿ ಕಡಲತೀರದಲ್ಲಿ ನಡೆಯುವ ಮೆರವಣಿಗೆಗಳು. ನಗರದ ಅಗಲವಾದ ಮುಖ್ಯ ರಸ್ತೆಯೊಂದನ್ನು ಈ ಕೇರಿಯನ್ನು ಸೀಳಿ ಸಮುದ್ರದವರೆಗೆ ಒಯ್ಯುವ ಯೋಜನೆಯನ್ನು 1998ರಲ್ಲಿ ನಗರಸಭೆ ಮುಂದಿಟ್ಟಿತು. 1,600ಕ್ಕೂ ಹೆಚ್ಚು ಮನೆಗಳು ನೆಲಸಮವಾಗಬೇಕಿತ್ತು. ‘ಕಾಬನ್ಯಾಲ್ ಉಳಿಸೋಣ’ ಎಂಬ ವೇದಿಕೆ ಎದ್ದಿತು. ಉರುಳಲಿದ್ದ ಮನೆಗಳ ಬಾಗಿಲು ತೆರೆದು ಒಳಗೆ ಕಲಾಪ್ರದರ್ಶನ ಏರ್ಪಡಿಸಿ ಇಡೀ ನಗರವನ್ನು ಒಳಗೆ ಕರೆಯಿತು. ವಿಷಯ ನ್ಯಾಯಾಲಯಗಳಿಗೆ, ಮ್ಯಾಡ್ರಿಡ್‌ನ ಸಂಸ್ಕೃತಿ ಸಚಿವಾಲಯಕ್ಕೆ ಹೋಯಿತು. 2015ರಲ್ಲಿ ಹೊಸ ಆಡಳಿತ ಯೋಜನೆ ಕೈಬಿಟ್ಟಿತು. ಅಷ್ಟರಲ್ಲಿ ಎಷ್ಟೋ ಮನೆ ಬಿದ್ದುಹೋಗಿದ್ದವು, ಆದರೆ ಕೇರಿ ಉಳಿಯಿತು.

ಸುಡುವುದು, ಸುಡಲಾಗದ್ದು

ಮಾರ್ಚ್ 15ರ ರಾತ್ರಿಯೊಳಗೆ ಎಲ್ಲ ಫಾಯಾ ನಿಲ್ಲಬೇಕು, ಇದು ‘ಪ್ಲಾಂತಾ’. ಈಗ ಕ್ರೇನ್‌ಗಳ ಕೆಲಸ; ಹಗ್ಗ ಹಿಡಿದು ಜನರೇ ಎಳೆದು ನಿಲ್ಲಿಸುವ ಹಳೆಯ ಕ್ರಮವನ್ನು ಕೆಲವರು ಉಳಿಸಿಕೊಂಡಿದ್ದಾರೆ. ಬುಡಕ್ಕೆ ಮರಳು ಹಾಸುತ್ತಾರೆ, ಡಾಂಬರು ಕರಗದಿರಲೆಂದು. ಮಾರ್ಚ್ 19ರ ‘ಕ್ರೆಮಾ’ಗೆ ರಾತ್ರಿ ಎಂಟರ ಹೊತ್ತಿಗೆ ಮಕ್ಕಳ ಫಾಯಾಗಳು, ಹತ್ತಕ್ಕೆ ದೊಡ್ಡವು, ಕೊನೆಗೆ ನಗರಸಭೆ ಚೌಕದ್ದು. ಮೈಗೆ ಅಲ್ಲಲ್ಲಿ ರಂಧ್ರ ಕೊರೆದು ಇಂಧನ ಸುರಿದು, ಸುತ್ತ ಸರಪಟಾಕಿ ಕಟ್ಟಿ, ಆ ಮೂಲೆಯ ಸಮಿತಿಯ ಆ ವರ್ಷದ ಪ್ರತಿನಿಧಿಯಾದ ಹುಡುಗಿ, ಅಲ್ಲಿನ ಫಾಯೆರಾ, ಕಿಡಿ ತಾಗಿಸುತ್ತಾಳೆ. ಬ್ಯಾಂಡು ಪ್ರಾಂತದ ಗೀತೆ ನುಡಿಸುತ್ತದೆ. ಹಲವು ಮೂಲೆಗಳಲ್ಲಿ ಹುಡುಗಿಯರು ಬಿಕ್ಕಿ ಅಳುತ್ತಾರೆ. ಅವರ ವರ್ಷ ಅಲ್ಲಿಗೆ ಮುಗಿಯಿತು. ಮುಂದಿನ ವರ್ಷ ಆ ಜಾಗದಲ್ಲಿ ಬೇರೊಬ್ಬಳು.

‘ಯಾಕೆ ಸುಡುತ್ತಾರೆ’ ಎಂಬುದಕ್ಕೆ ನನಗೆ ತೋರುವ ಉತ್ತರ ಇದು. ಉಳಿಸಿಕೊಂಡಿದ್ದರೆ ಅದಕ್ಕೊಬ್ಬ ಒಡೆಯ ಬೇಕಾಗುತ್ತಿತ್ತು, ಇಡಲು ಜಾಗ ಬೇಕಾಗುತ್ತಿತ್ತು, ಕೆಲವೇ ವರ್ಷಗಳಲ್ಲಿ ಸಮಿತಿಗೆ ಕೆಲಸವೇ ಇರುತ್ತಿರಲಿಲ್ಲ. ಕೈ ಬರಿದಾದ್ದರಿಂದಲೇ ಇನ್ನೂರು ಮನೆಗಳವರು ಮತ್ತೆ ಏಪ್ರಿಲ್‌ನಲ್ಲಿ ಒಂದು ಕೋಣೆಯಲ್ಲಿ ಕೂರಬೇಕು. ವರ್ಷವಿಡೀ ಒಬ್ಬರನ್ನೊಬ್ಬರು ನೋಡುವುದಕ್ಕೆ ಅವರಿಗೆ ಬೆಂಕಿ ಕೊಟ್ಟ ಕಾರಣ ಅದು.

ಇದು ನಿಜವಾಗಿ ಪರೀಕ್ಷೆಗೆ ಬಂದದ್ದು 2020ರಲ್ಲಿ. ಮಾರ್ಚ್ 10ರಂದು, ಮಸ್ಕ್ಲೆತಾಗಳು ಆಗಲೇ ಶುರುವಾಗಿದ್ದಾಗ, ಕೊರೊನಾದಿಂದಾಗಿ ಹಬ್ಬವನ್ನು ಮುಂದೂಡಿದರು. ಆ ವರ್ಷ ನಗರಸಭೆ ಚೌಕದಲ್ಲಿ ಏಳುತ್ತಿದ್ದದ್ದು ಕಣ್ಣುಮುಚ್ಚಿ ಧ್ಯಾನದಲ್ಲಿರುವ ಹೆಣ್ಣಿನ ಬೃಹತ್ ಶಿಲ್ಪ; ಸಾಂಕ್ರಾಮಿಕಕ್ಕೆ ಮುಂಚೆಯೇ ಅದಕ್ಕೆ ಇಟ್ಟ ಹೆಸರು ‘ಇದೂ ಕಳೆದುಹೋಗುತ್ತದೆ’. ಅವಳ ಮುಖಕ್ಕೊಂದು ಮಾಸ್ಕ್ ಹಾಕಿದರು. ನಗರದ ನೂರಾರು ಫಾಯಾಗಳ ತುಣುಕುಗಳು ಕಾರ್ಯಾಗಾರ, ಗೋದಾಮುಗಳಿಗೆ ಮರಳಿ ಹೋದವು. 2021ರ ಸೆಪ್ಟೆಂಬರ್ 1ರಿಂದ 5ರವರೆಗೆ ಹಬ್ಬ ನಡೆಯಿತು, ಬೇಸಿಗೆಯ ಬೆವರಿನಲ್ಲಿ, ರೇಷ್ಮೆ ಉಟ್ಟು, ಮಾಸ್ಕ್ ಹಾಕಿ.

2024ರ ಅಕ್ಟೋಬರ್ 29ರ ಪ್ರವಾಹ ಇನ್ನೊಂದು ಬಗೆಯದು. 1957ರ ಪ್ರವಾಹದ ನಂತರ ತುರಿಯಾ ನದಿಯನ್ನು ದಕ್ಷಿಣಕ್ಕೆ ತಿರುಗಿಸಿದ್ದರಿಂದ ಹಳೆಯ ನಗರ ಈ ಬಾರಿ ಪಾರಾಯಿತು. ಹೊಸ ಪಾತ್ರದ ಆಚೆಯ ಪೈಪೊರ್ತಾ, ಕತರೊಹಾದಂಥ ಊರುಗಳು ಕೆಸರಿನಲ್ಲಿ ಮುಳುಗಿದವು, 220ಕ್ಕೂ ಹೆಚ್ಚು ಜನ ಸತ್ತರು. ಆ ಊರುಗಳಲ್ಲೂ ಫಾಯಾ ಸಮಿತಿಗಳಿವೆ, ಅವುಗಳ ಕಾಸಾಲ್‌ಗಳು ನೆಲಮಹಡಿಯಲ್ಲಿ. ಪತಾಕೆ, ಉಡುಪು ಎಲ್ಲ ನೀರುಪಾಲಾದವು. ನಗರದ ಕಾಸಾಲ್‌ಗಳು ನೀರಿನ ಬಾಟಲಿ, ಬೂಟು, ಸಲಿಕೆ, ಡೈಪರ್ ಸಂಗ್ರಹಿಸುವ ಕೇಂದ್ರಗಳಾದವು. ಯಾರ ಮನೆಯಲ್ಲಿ ಎಷ್ಟು ಜನ, ಯಾರ ಬಳಿ ವ್ಯಾನ್ ಇದೆ, ಯಾರು ನೂರು ಜನಕ್ಕೆ ಅಡುಗೆ ಮಾಡಬಲ್ಲರು ಎಂಬ ಪಟ್ಟಿ ಅವರಲ್ಲಿ ಆಗಲೇ ಇತ್ತು. ಮರುವರ್ಷದ ಮಾರ್ಚ್‌ನಲ್ಲಿ ಫಾಯಾಗಳ ಬುಡದ ಫಲಕಗಳಲ್ಲಿ ತಡವಾಗಿ ಬಂದ ಎಚ್ಚರಿಕೆಯ ಬಗ್ಗೆ, ಆಡಳಿತದ ಬಗ್ಗೆ ಖಾರವಾದ ಪದ್ಯಗಳಿದ್ದವು.

ಹೋಗುವವರಿಗೆ: ಮಾರ್ಚ್ 16 ಅಥವಾ 17ರ ಬೆಳಿಗ್ಗೆ ಜನ ಕಡಿಮೆ, ಎಲ್ಲ ಫಾಯಾಗಳೂ ನಿಂತಿರುತ್ತವೆ. ವಿಶೇಷ ವಿಭಾಗದ ಎರಡು ಮೂರು ನೋಡಿ, ಆಮೇಲೆ ಪ್ರವಾಸಿ ನಕ್ಷೆಯನ್ನು ಮಡಚಿಟ್ಟು ಬೆನಿಮಕ್ಲೆತ್‌ನಂಥ ದೂರದ ಕೇರಿಗೆ ನಡೆಯಿರಿ. ಬೀದಿಬದಿಯ ಬಾಣಲೆಯಿಂದ ಕುಂಬಳಕಾಯಿಯ ‘ಬುನ್ಯೊಲ್’ ಎಂಬ ಕರಿದ ತಿಂಡಿ ತೆಗೆದುಕೊಳ್ಳಿ, ಜೊತೆಗೆ ಗಟ್ಟಿ ಚಾಕೊಲೇಟ್. ಕುತ್ತಿಗೆಗೆ ಮರದ ಪೆಟ್ಟಿಗೆ ನೇತುಹಾಕಿಕೊಂಡು ಪಟಾಕಿ ಎಸೆಯುವ ಮಕ್ಕಳಿಂದ ಎರಡು ಹೆಜ್ಜೆ ದೂರವಿರಿ. ಮಕ್ಕಳ ಫಾಯಾವನ್ನು ಬಿಡಬೇಡಿ. ಕೈಕೆಲಸದ ನಾಜೂಕು ಹೆಚ್ಚು ಕಾಣುವುದು ಅದರಲ್ಲೇ. ಫಲಕಗಳ ಭಾಷೆ ತಿಳಿಯದಿದ್ದರೆ ಪಕ್ಕದಲ್ಲಿ ನಿಂತ ಸಮಿತಿಯ ಅಂಗಿ ತೊಟ್ಟವರನ್ನು ಕೇಳಿ. ತಮ್ಮ ಮೂಲೆಯ ಫಾಯಾವನ್ನು ವಿವರಿಸಲು ಹೊತ್ತಿಲ್ಲ ಎನ್ನುವವರು ಆ ವಾರ ಅಲ್ಲಿ ಸಿಗುವುದು ಅಪರೂಪ.